ಮೇಜಿನ ಮೇಲೆ ಬಿಟ್ಟುಹೋದ ಕಾಗದ: ಕಂಪ್ಯೂಟರಿನ ಒಂದು ಹಳೆಯ ಸೋಮಾರಿತನದ ಕಥೆ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.



2018ರ ಜೂನ್ ತಿಂಗಳು. ಕೆನಡಾದ ಒಟ್ಟಾವಾದಲ್ಲಿ ಬಿಎಸ್‌ಡಿಕ್ಯಾನ್ ಅನ್ನೋ ಸಮ್ಮೇಳನ ನಡೀತಿದೆ. ಬಿಎಸ್‌ಡಿ ಅಂದ್ರೆ ಯೂನಿಕ್ಸ್ ಮನೆತನಕ್ಕೆ ಸೇರಿದ ಆಪರೇಟಿಂಗ್ ಸಿಸ್ಟಂಗಳ ಒಂದು ಬಳಗ. ಅದರಲ್ಲೊಂದಾದ ಓಪನ್‌ಬಿಎಸ್‌ಡಿಯನ್ನು ಶುರುಮಾಡಿದ ಥಿಯೊ ಡಿ ರಾಡ್ಟ್ ಅಲ್ಲಿ ಮಾತಾಡ್ತಾ, ಇಂಟೆಲ್ ಪ್ರೊಸೆಸರ್‌ಗಳಲ್ಲಿ ಇನ್ನೂ ಹೊರಗೆ ಬಾರದ ಒಂದು ದೋಷದ ಬಗ್ಗೆ ಸುಳಿವು ಕೊಟ್ಟರು. ಫ್ರೀಬಿಎಸ್‌ಡಿಯ ಭದ್ರತಾ ಅಧಿಕಾರಿಯಾಗಿದ್ದ ಕಾಲಿನ್ ಪರ್ಸಿವಲ್ ಆ ಸುಳಿವು ಹಿಡಿದು, ಕೆಲವೇ ಗಂಟೆಗಳಲ್ಲಿ ದೋಷವನ್ನು ಬಳಸಿ ಮಾಹಿತಿ ಕದಿಯುವ ಒಂದು ಪ್ರೋಗ್ರಾಂ ಬರೆದೇಬಿಟ್ಟರು. ಕದಿಯೋದಕ್ಕಲ್ಲ, ಕದಿಯೋದು ಎಷ್ಟು ಸುಲಭ ಅಂತ ತೋರಿಸೋದಕ್ಕೆ. ನಿಗದಿಯಾಗಿದ್ದ ದಿನಕ್ಕಿಂತ ಮೊದಲೇ, ಜೂನ್ 13ಕ್ಕೆ, ವಿಷಯ ಬಹಿರಂಗವಾಯಿತು. ಅದಕ್ಕೆ ಬಿದ್ದ ಹೆಸರು ‘ಲೇಜಿ ಎಫ್‌ಪಿ’. ಲೇಜಿ ಅಂದ್ರೆ ಸೋಮಾರಿ.

ಇಲ್ಲಿ ಸೋಮಾರಿ ಯಾರು? ಪ್ರೋಗ್ರಾಮರ್ ಅಲ್ಲ, ಬಳಕೆದಾರರೂ ಅಲ್ಲ. ಕಂಪ್ಯೂಟರಿನ ಒಳಗಿರೋ ಒಂದು ಪದ್ಧತಿ. ಅದು ಹುಟ್ಟಿದ್ದು 80ರ ದಶಕದಲ್ಲಿ. ಅವತ್ತಿಗೆ ಅದು ಸೋಮಾರಿತನವೇ ಆಗಿರಲಿಲ್ಲ, ಒಳ್ಳೆ ಉಳಿತಾಯವಾಗಿತ್ತು. ಉಳಿತಾಯ ಯಾವಾಗ ಸಾಲವಾಯ್ತು ಅನ್ನೋದೇ ಇವತ್ತಿನ ಕಥೆ.

ಒಂದು ಮೇಜು, ಹಲವರು ಗುಮಾಸ್ತರು

ನಾನು ಬಿಕಾಂ ಓದಿರೋದು. ಹಾಗಾಗಿ ನನಗೆ ಇದು ಅರ್ಥವಾಗಿದ್ದೂ ಲೆಕ್ಕಪತ್ರದ ಕಚೇರಿಯ ಭಾಷೆಯಲ್ಲೇ.

ಒಂದು ಚಿಕ್ಕ ಆಡಿಟರ್ ಆಫೀಸು ಅಂದುಕೊಳ್ಳಿ. ಒಂದೇ ಮೇಜು, ಗುಮಾಸ್ತರು ಹತ್ತು ಜನ. ಒಬ್ಬೊಬ್ಬರೂ ಸ್ವಲ್ಪ ಹೊತ್ತು ಕೂತು ಕೆಲಸ ಮಾಡಿ ಏಳ್ತಾರೆ, ಆಮೇಲೆ ಇನ್ನೊಬ್ಬರು ಕೂರ್ತಾರೆ. ಏಳೋವಾಗ ತಮ್ಮ ಕಾಗದಗಳನ್ನ ಫೈಲಿಗೆ ಹಾಕಬೇಕು, ಮತ್ತೆ ಕೂತಾಗ ಫೈಲಿಂದ ತೆಗೆದು ಹಿಂದೆ ಇದ್ದ ಹಾಗೇ ಹರಡಿಕೊಳ್ಳಬೇಕು. ಮೇಜು ಅಂದ್ರೆ ಪ್ರೊಸೆಸರ್. ಮೇಜಿನ ಮೇಲಿನ ಕಾಗದಗಳು ರಿಜಿಸ್ಟರ್‌ಗಳು, ಅಂದ್ರೆ ಲೆಕ್ಕ ನಡೀತಿರೋವಾಗ ಸಂಖ್ಯೆಗಳು ಕೂರುವ ಜಾಗ. ಗುಮಾಸ್ತರು ಅಂದ್ರೆ ನಿಮ್ಮ ಪ್ರೋಗ್ರಾಂಗಳು. ಯಾರು ಯಾವಾಗ ಕೂರಬೇಕು, ಏಳಬೇಕು ಅಂತ ಹೇಳೋ ಮ್ಯಾನೇಜರ್ರೇ ಆಪರೇಟಿಂಗ್ ಸಿಸ್ಟಂನ ತಿರುಳು, ಅಂದ್ರೆ ಕರ್ನಲ್. ಒಂದೇ ಪ್ರೊಸೆಸರ್ ಇದ್ದರೂ ಹತ್ತು ಪ್ರೋಗ್ರಾಂ ಒಟ್ಟಿಗೇ ಓಡ್ತಿರೋ ಹಾಗೆ ಕಾಣೋದು ಈ ಕೂರಿಸೋ ಏಳಿಸೋ ಆಟದಿಂದ. ಲಿನಕ್ಸ್‌ನ ಆರಂಭದ ದಿನಗಳಲ್ಲಿ ಇದಕ್ಕಾಗಿ ಗಡಿಯಾರ ಸೆಕೆಂಡಿಗೆ 100 ಸಲ ಮಿಡೀತಿತ್ತು.

ಈಗ ಇದೇ ಮೇಜಿನ ಪಕ್ಕಕ್ಕೆ ಇನ್ನೊಂದು ದೊಡ್ಡ ಮೇಜು ತಂದು ಜೋಡಿಸಿದ್ರು ಅಂದುಕೊಳ್ಳಿ. ಅದೇ ಫ್ಲೋಟಿಂಗ್ ಪಾಯಿಂಟ್ ಯಂತ್ರ.

1980: ದಶಮಾಂಶಕ್ಕೆ ಬೇರೆಯದೇ ಚಿಪ್

1978ರಲ್ಲಿ ಬಂದ ಇಂಟೆಲ್ 8086 ಪ್ರೊಸೆಸರ್‌ಗೆ ಪೂರ್ಣಾಂಕಗಳ ಲೆಕ್ಕ ಮಾತ್ರ ಗೊತ್ತಿತ್ತು. 3.14159 ಥರದ ಸಂಖ್ಯೆ ಬಂದರೆ ತಂತ್ರಾಂಶದ ಮೂಲಕ ಸುತ್ತಿ ಬಳಸಿ ಮಾಡಬೇಕಿತ್ತು. 1980ರಲ್ಲಿ ಇಂಟೆಲ್ 8087 ಅನ್ನೋ ಜೊತೆ ಚಿಪ್ ತಂದಿತು. ಅದರ ಅಂಕಗಣಿತಕ್ಕೆ ಸಲಹೆ ಕೊಟ್ಟವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿಲಿಯಂ ಕಹಾನ್. ಆ ಕೆಲಸದ ಜೊತೆಜೊತೆಗೇ ಬೆಳೆದ ನಿಯಮಾವಳಿ 1985ರಲ್ಲಿ ಐಇಇಇ 754 ಮಾನದಂಡವಾಯಿತು. ಇವತ್ತು ನಿಮ್ಮ ಫೋನು, ಲ್ಯಾಪ್‌ಟಾಪು ದಶಮಾಂಶ ಲೆಕ್ಕ ಮಾಡೋದು ಅದೇ ನಿಯಮದ ಪ್ರಕಾರ. ಕಹಾನ್ ಅವರಿಗೆ 1989ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಈ 8087 ಒಳಗೆ ತಲಾ 80 ಬಿಟ್‌ನ 8 ರಿಜಿಸ್ಟರ್‌ಗಳಿದ್ದವು. ಅಂದ್ರೆ ಒಂದಕ್ಕೆ 10 ಬೈಟ್, ಒಟ್ಟು 80 ಬೈಟ್. 386ರ ಕಾಲಕ್ಕೆ ಬಂದರೆ, ಸ್ಥಿತಿಗತಿ ಹೇಳುವ ಇನ್ನೊಂದು 28 ಬೈಟ್ ಸೇರಿ 108 ಬೈಟ್. ಅದೇ 386ರ ಮುಖ್ಯ ರಿಜಿಸ್ಟರ್‌ಗಳು ಎಂಟೂ ಸೇರಿ 32 ಬೈಟ್ ಮಾತ್ರ. ಪಕ್ಕದ ಮೇಜು ಎಷ್ಟು ದೊಡ್ಡದು ನೋಡಿ! ಅದರ ಮೇಲಿನ ಕಾಗದವನ್ನೆಲ್ಲ ಒಮ್ಮೆ ಎತ್ತಿಡೋಕೆ ನೂರಾರು ಕ್ಲಾಕ್ ಸೈಕಲ್ ಬೇಕು, ಹರಡೋಕೆ ಮತ್ತೆ ನೂರಾರು.

ಆದರೆ ಅಂದಿನ ಪ್ರೋಗ್ರಾಂಗಳಲ್ಲಿ ಹೆಚ್ಚಿನವಕ್ಕೆ ಆ ಮೇಜೇ ಬೇಕಿರಲಿಲ್ಲ. ಪತ್ರ ಟೈಪ್ ಮಾಡೋ ಪ್ರೋಗ್ರಾಂಗೆ ದಶಮಾಂಶ ಯಾಕೆ? ಎಷ್ಟೋ ಕಂಪ್ಯೂಟರ್‌ಗಳಲ್ಲಿ ಆ ಚಿಪ್ ಇರ್ತಾನೇ ಇರಲಿಲ್ಲ, ಅದನ್ನ ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಹಾಗಿದ್ದಾಗ ಪ್ರತಿ ಸಲ ಗುಮಾಸ್ತರು ಬದಲಾದಾಗ್ಲೂ ಆ ದೊಡ್ಡ ಮೇಜನ್ನ ಖಾಲಿ ಮಾಡಿ ತುಂಬೋದು ದಂಡ ಅಲ್ವಾ?

‘ಬೇಕು ಅಂದಾಗ ನೋಡೋಣ’

ಇದಕ್ಕೆ ಚಿಪ್ ಒಳಗೇ ಒಂದು ಉಪಾಯ ಇಟ್ಟರು. 1982ರ 80286 ಪ್ರೊಸೆಸರ್‌ನಲ್ಲಿ ಒಂದು ಬಿಟ್‌ನ ಬಾವುಟ ಬಂತು, ಹೆಸರು ‘ಟಾಸ್ಕ್ ಸ್ವಿಚ್ಡ್’. ಗುಮಾಸ್ತ ಬದಲಾದಾಗ ಬಾವುಟ ಮೇಲೇಳುತ್ತೆ. ಪಕ್ಕದ ಮೇಜನ್ನ ಯಾರೂ ಮುಟ್ಟಲ್ಲ, ಹಳೆ ಕಾಗದ ಅಲ್ಲೇ ಇರುತ್ತೆ. ಹೊಸಬರಿಗೆ ಆ ಮೇಜು ಬೇಡವೇ ಬೇಡ ಅಂದ್ರೆ, ಕೆಲಸ ಮುಗಿಸಿ ಹೋಗ್ತಾರೆ, ಖರ್ಚು ಸೊನ್ನೆ. ಒಂದು ವೇಳೆ ಕೈ ಹಾಕಿದರೆ? ಬಾವುಟ ಮೇಲಿರೋದರಿಂದ ಪ್ರೊಸೆಸರ್ ಅಲ್ಲೇ ತಡೆದು ಕರ್ನಲ್‌ಗೆ ಗಂಟೆ ಬಾರಿಸುತ್ತೆ. ಇಂಟೆಲ್ ಲೆಕ್ಕದಲ್ಲಿ ಇದು 7ನೇ ನಂಬರಿನ ಗಂಟೆ. ಕರ್ನಲ್ ಓಡಿಬಂದು ಹಳಬರ ಕಾಗದ ಅವರ ಫೈಲಿಗೆ ಹಾಕಿ, ಹೊಸಬರದ್ದು ಹರಡಿ, ಬಾವುಟ ಇಳಿಸುತ್ತೆ.

ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ತಮ್ಮ 386 ಕಂಪ್ಯೂಟರ್ ಮೇಲೆ ಲಿನಕ್ಸ್ ಬರೆದಾಗ, ಆರಂಭದ ಆವೃತ್ತಿಗಳಲ್ಲೇ ಈ ಪದ್ಧತಿ ಇತ್ತು. ‘ಕೊನೆಯಲ್ಲಿ ಗಣಿತ ಬಳಸಿದವರು ಯಾರು’ ಅಂತ ನೆನಪಿಡೋಕೆ ಇಡೀ ಕರ್ನಲ್‌ಗೆ ಒಂದೇ ಒಂದು ಚೀಟಿ. ಕೂತವರೇ ಎದ್ದು ಹೋಗಿ ಮತ್ತೆ ಬಂದು ಕೂತರೆ, ಮಧ್ಯದಲ್ಲಿ ಬೇರೆ ಯಾರೂ ಆ ಮೇಜು ಮುಟ್ಟಿಲ್ಲ ಅಂದ್ರೆ, ಚೀಟಿ ನೋಡಿ ಬಾವುಟ ಇಳಿಸಿದರೆ ಮುಗೀತು. ಒಂದು ಬೈಟೂ ಅಲುಗಾಡಬೇಕಿಲ್ಲ.

ಗಣಿತದ ಚಿಪ್ ಇಲ್ಲದ ಯಂತ್ರಗಳಿಗೂ ಇದೇ 7ನೇ ನಂಬರಿನ ಗಂಟೆ ಉಪಯೋಗಕ್ಕೆ ಬಂತು. ಗಂಟೆ ಹೊಡೆದಾಗ ಕರ್ನಲ್ ತಾನೇ ಆ ಚಿಪ್‌ನಂತೆ ನಟಿಸಿ ಲೆಕ್ಕ ಮಾಡಿಕೊಡ್ತಿತ್ತು. ನಿಧಾನ, ಆದರೆ ಪ್ರೋಗ್ರಾಂ ನಿಲ್ಲೋದಿಲ್ಲ. ಆಸ್ಟ್ರೇಲಿಯಾದ ಬಿಲ್ ಮೆಟ್ಜೆಂಥೆನ್ ಬರೆದ ಈ ನಟನೆಯ ಕೋಡ್ ಲಿನಕ್ಸ್‌ನಲ್ಲಿ ಬಹಳ ಕಾಲ ಉಳೀತು.

ಇಲ್ಲಿವರೆಗೆ ಎಲ್ಲಾ ಚೆನ್ನಾಗಿದೆ. ಆದರೆ ಈ ಉಳಿತಾಯ ನಿಂತಿರೋದು ಮೂರು ನಂಬಿಕೆಗಳ ಮೇಲೆ, ಗಮನಿಸಿ. ಒಂದು, ಮೇಜು ಒಂದೇ ಇದೆ. ಎರಡು, ದಶಮಾಂಶದ ಮೇಜು ಬೇಕಾಗೋರು ಅಪರೂಪ. ಮೂರು, ಬಾವುಟ ಮೇಲಿದ್ದಾಗ ಮೇಜಿನ ಮೇಲಿರೋ ಕಾಗದ ಬೇರೆ ಯಾರಿಗೂ ಕಾಣೋದಿಲ್ಲ. ಮುಂದಿನ ಇಪ್ಪತ್ತೈದು ವರ್ಷದಲ್ಲಿ ಈ ಮೂರೂ ಒಂದೊಂದಾಗಿ ಬಿದ್ದವು.

ಮೊದಲು ಬಿದ್ದದ್ದು: ಮೇಜು ಒಂದೇ

90ರ ದಶಕದ ಮಧ್ಯದಲ್ಲಿ ಒಂದೇ ಕಂಪ್ಯೂಟರಿನಲ್ಲಿ ಎರಡು ಪ್ರೊಸೆಸರ್ ಇರುವ ಯಂತ್ರಗಳು ಕೈಗೆಟುಕತೊಡಗಿದವು. ಆಲನ್ ಕಾಕ್ಸ್ ಮೊದಲಾದವರ ಶ್ರಮದಿಂದ, 1996ರ ಜೂನ್‌ನಲ್ಲಿ ಬಂದ ಲಿನಕ್ಸ್ 2.0 ಹಲವು ಪ್ರೊಸೆಸರ್‌ಗಳನ್ನು ನಡೆಸಲು ಕಲಿತಿತ್ತು.

ಈಗ ಸಮಸ್ಯೆ ನೋಡಿ. ನಮ್ಮ ಗುಮಾಸ್ತ ಒಂದನೇ ಕೋಣೆಯಲ್ಲಿ ಕೂತು ಅರ್ಧ ಲೆಕ್ಕ ಮಾಡಿ, ಕಾಗದ ಅಲ್ಲೇ ಮೇಜಿನ ಮೇಲೆ ಬಿಟ್ಟು ಎದ್ದ. ಮತ್ತೆ ಅವನ ಸರದಿ ಬಂದಾಗ ಖಾಲಿ ಇದ್ದದ್ದು ಎರಡನೇ ಕೋಣೆ. ಅಲ್ಲಿ ಕೂತ. ಕಾಗದ ಎಲ್ಲಿ? ಒಂದನೇ ಕೋಣೆಯಲ್ಲಿ. ಫೈಲಿನಲ್ಲಿರೋದು ಹಳೇ ಪ್ರತಿ. ಅದನ್ನೇ ತೆಗೆದು ಹರಡಿದರೆ ಲೆಕ್ಕ ತಪ್ಪುತ್ತೆ, ಆದರೆ ಯಂತ್ರ ನಿಲ್ಲಲ್ಲ, ಎಚ್ಚರಿಕೆಯೂ ಬರಲ್ಲ. ಉತ್ತರ ಮಾತ್ರ ತಪ್ಪು. ಲೆಕ್ಕದವರಿಗೆ ಇದಕ್ಕಿಂತ ಭಯದ ಸಂಗತಿ ಇನ್ನೊಂದಿಲ್ಲ.

ಒಂದು ಪ್ರೊಸೆಸರ್ ಇನ್ನೊಂದು ಪ್ರೊಸೆಸರಿನ ರಿಜಿಸ್ಟರ್ ಒಳಗೆ ಕೈ ಹಾಕೋಕೆ ಆಗಲ್ಲ, ಅದಕ್ಕೆ ಸೂಚನೆಯೇ ಇಲ್ಲ. ಹಾಗಾಗಿ ಎರಡು ದಾರಿ. ಮೊದಲನೆಯದು, ಪಕ್ಕದ ಕೋಣೆಗೆ ಕರೆಗಂಟೆ ಒತ್ತಿ, ‘ಆ ಕಾಗದ ಫೈಲಿಗೆ ಹಾಕಿ ಕಳಿಸಿ’ ಅಂತ ಕೇಳೋದು, ಅಲ್ಲಿಯವರೆಗೆ ಕಾಯೋದು. ಇದಕ್ಕೆ ಪ್ರೊಸೆಸರ್‌ಗಳ ನಡುವಿನ ಇಂಟರಪ್ಟ್ ಅಂತಾರೆ. ನೆಟ್‌ಬಿಎಸ್‌ಡಿ ಈ ದಾರಿ ಹಿಡಿಯಿತು. ಎರಡನೆಯದು, ಹಲವು ಕೋಣೆಗಳಿರೋ ಕಡೆ ಏಳೋವಾಗಲೇ ಕಾಗದ ಫೈಲಿಗೆ ಹಾಕಿಬಿಡೋದು, ಹರಡೋದನ್ನ ಮಾತ್ರ ಬೇಕಾದಾಗ ಮಾಡೋದು. ಲಿನಕ್ಸ್ ಇದನ್ನ ಆರಿಸಿಕೊಂಡಿತು. ಅಂದ್ರೆ ಅರ್ಧ ಸೋಮಾರಿತನ ಹೋಯ್ತು, ಅರ್ಧ ಉಳೀತು.

ಎರಡನೆಯದು: ಬೇಕಾಗೋರು ಅಪರೂಪ

1989ರಲ್ಲೇ 486 ಒಳಗೆ ಗಣಿತದ ಯಂತ್ರ ಸೇರಿಹೋಗಿತ್ತು. 1999ರಲ್ಲಿ ಪೆಂಟಿಯಂ 3 ಜೊತೆ ಎಸ್‌ಎಸ್‌ಇ ಅನ್ನೋ ಸೂಚನೆಗಳ ಗುಂಪು ಬಂತು, ಅದಕ್ಕೆ 128 ಬಿಟ್‌ನ 8 ಹೊಸ ರಿಜಿಸ್ಟರ್. ಉಳಿಸಿಡೋ ಜಾಗ 108 ಬೈಟಿಂದ 512 ಬೈಟಿಗೆ ಏರಿತು. 2003ರಲ್ಲಿ 64 ಬಿಟ್ ಕಾಲ ಶುರುವಾದಾಗ ಎಸ್‌ಎಸ್‌ಇ ಎಲ್ಲ ಯಂತ್ರದಲ್ಲೂ ಇದ್ದೇ ಇರುತ್ತೆ ಅನ್ನೋ ಖಾತ್ರಿ ಸಿಕ್ಕಿತು. ಆಮೇಲೆ ದಶಮಾಂಶ ಬೇಡದ ಕೆಲಸಕ್ಕೂ ಈ ಮೇಜು ಬೇಕಾಯ್ತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಡೇಟಾ ನಕಲು ಮಾಡೋಕೆ, ಪಠ್ಯದಲ್ಲಿ ಅಕ್ಷರ ಹುಡುಕೋಕೆ, ವಿಡಿಯೊ ತೋರಿಸೋಕೆ. ಪತ್ರ ಟೈಪ್ ಮಾಡೋ ಗುಮಾಸ್ತನೂ ಈಗ ದೊಡ್ಡ ಮೇಜಿಗೇ ಬರ್ತಾನೆ!

2010ರಲ್ಲಿ ಇಂಟೆಲ್ ಇದೇ ರಿಜಿಸ್ಟರ್‌ಗಳಲ್ಲಿ ಎಇಎಸ್ ಗೂಢಲಿಪಿಯ ಕೆಲಸ ಮಾಡೋ ಸೂಚನೆಗಳನ್ನೂ ತಂದಿತು. ಈ ಮಾತನ್ನ ನೆನಪಿಟ್ಟುಕೊಳ್ಳಿ. ಪೈ, ಸೈನ್, ಕಾಸ್ ಕೂರೋ ಜಾಗದಲ್ಲಿ ಈಗ ರಹಸ್ಯ ಕೀಲಿಗಳು ಬಂದು ಕೂತವು. ಎಆರ್‌ಎಂ ಚಿಪ್ ಇರೋ ಫೋನ್‌ಗಳಲ್ಲೂ ಅಷ್ಟೆ, ಎಇಎಸ್ ಸೂಚನೆಗಳು ಕೆಲಸ ಮಾಡೋದು ಫ್ಲೋಟಿಂಗ್ ಪಾಯಿಂಟ್‌ಗೆ ಅಂತ ಇಟ್ಟಿರೋ ರಿಜಿಸ್ಟರ್‌ಗಳ ಮೇಲೇ.

ಎಲ್ಲರಿಗೂ ಮೇಜು ಬೇಕಾದ ಮೇಲೆ, ಪ್ರತಿ ಸಲ ಗಂಟೆ ಹೊಡೆಸಿ ಕರ್ನಲ್ ಓಡಿ ಬರೋದೇ ದುಬಾರಿಯಾಯ್ತು. ಉಳಿತಾಯಕ್ಕೆ ಅಂತ ಇಟ್ಟ ವ್ಯವಸ್ಥೆಯೇ ಖರ್ಚು. ಲಿನಕ್ಸ್‌ನವರು ಮಧ್ಯದ ದಾರಿ ಹುಡುಕಿದರು: ಒಂದು ಪ್ರೋಗ್ರಾಂ ಸತತವಾಗಿ ಐದು ಸರದಿಗಿಂತ ಹೆಚ್ಚು ಬಾರಿ ಮೇಜು ಬಳಸಿದ್ರೆ, ಮುಂದಿನ ಸಲ ಅದು ಕೇಳೋ ಮೊದಲೇ ಹರಡಿಕೊಡೋದು.

ಎರಡು ಪುಸ್ತಕ ತಾಳೆಯಾಗಬೇಕು

2012ರ ಫೆಬ್ರವರಿಯಲ್ಲಿ ಒಂದು ತೊಂದರೆ ಬೆಳಕಿಗೆ ಬಂತು. ಕರ್ನಲ್ ತಾನೇ ವೈಫೈ ಗೂಢಲಿಪಿಗೆ ಅಂತ ಎಇಎಸ್ ಸೂಚನೆ ಬಳಸ್ತಿತ್ತು. ಅದೂ ಇಂಟರಪ್ಟ್ ಬಂದ ಹೊತ್ತಲ್ಲಿ, ಅಂದ್ರೆ ಯಾರದೋ ಕಾಗದ ಎತ್ತಿಡ್ತಿರೋ ಅಥವಾ ಹರಡ್ತಿರೋ ಮಧ್ಯದಲ್ಲೇ ಮ್ಯಾನೇಜರ್ ಬಂದು ಅದೇ ಮೇಜಿನ ಮೇಲೆ ತನ್ನ ಕೆಲಸ ಮಾಡಿದ ಹಾಗೆ. ಪಾಪ, ಆ ಪ್ರೋಗ್ರಾಂನ ಸಂಖ್ಯೆಗಳು ಕೆಟ್ಟುಹೋಗ್ತಿದ್ದವು. ಲಿನಸ್ ಸ್ವತಃ ಕೂತು ಈ ಕೋಡ್ ಸರಿಪಡಿಸಿದರು.

ಅವರು ಆಗ ತಂದ ಒಂದು ಪರೀಕ್ಷೆ ನನಗೆ ಬಹಳ ಇಷ್ಟ, ಯಾಕಂದ್ರೆ ಅದು ನಮ್ಮ ಜಮಾ-ಖರ್ಚು ತಾಳೆ ನೋಡೋದೇ. ಪ್ರತಿ ಪ್ರೊಸೆಸರ್ ಬರೆದಿಡುತ್ತೆ: ನನ್ನ ಮೇಜಿನ ಮೇಲೆ ಕೊನೆಗೆ ಇದ್ದದ್ದು ಇಂಥವರ ಕಾಗದ. ಪ್ರತಿ ಪ್ರೋಗ್ರಾಂನ ಫೈಲಿನಲ್ಲೂ ಬರೆದಿರುತ್ತೆ: ನಾನು ಕೊನೆಗೆ ಕಾಗದ ಹರಡಿದ್ದು ಇಂಥ ಪ್ರೊಸೆಸರ್ ಮೇಲೆ. ಎರಡೂ ತಾಳೆಯಾದರೆ ಮಾತ್ರ ಮೇಜಿನ ಮೇಲಿರೋದನ್ನ ನಂಬಬಹುದು, ಮತ್ತೆ ಹರಡಬೇಕಿಲ್ಲ. ಒಂದೇ ಪುಸ್ತಕ ನಂಬಿದರೆ ಯಾಕೆ ಸಾಲದು? ನಾನು ಒಂದನೇ ಕೋಣೆ ಬಿಟ್ಟು ಎರಡನೆಯದರಲ್ಲಿ ಕೂತು, ಲೆಕ್ಕ ಮುಂದುವರಿಸಿ, ಮತ್ತೆ ಒಂದಕ್ಕೆ ಬಂದೆ ಅಂದುಕೊಳ್ಳಿ. ಒಂದನೇ ಕೋಣೆಯ ಪುಸ್ತಕದಲ್ಲಿ ಇನ್ನೂ ನನ್ನ ಹೆಸರೇ ಇದೆ, ಆದರೆ ಮೇಜಿನ ಮೇಲಿರೋದು ಹಳೇ ಕಾಗದ. ಬ್ಯಾಂಕ್ ಪಾಸ್‌ಬುಕ್ಕು ಮತ್ತು ನಮ್ಮ ಕ್ಯಾಶ್‌ಬುಕ್ಕು ಎರಡನ್ನೂ ಇಟ್ಟು ನೋಡದೆ ಯಾವ ಆಡಿಟರ್ ಸಹಿ ಹಾಕ್ತಾರೆ ಹೇಳಿ? ಫೋನ್‌ಗಳಲ್ಲಿ ಓಡೋ 64 ಬಿಟ್ ಎಆರ್‌ಎಂ ಲಿನಕ್ಸ್‌ಗೂ ಮುಂದೆ ಇದೇ ಥರದ ತಾಳೆ ಬಂತು.

ಮೂರನೆಯದು: ಕಾಗದ ಯಾರಿಗೂ ಕಾಣಲ್ಲ

2016ರ ಹೊತ್ತಿಗೆ ಲಿನಕ್ಸ್ ಅಭಿವೃದ್ಧಿಕಾರರಿಗೆ ಸೋಮಾರಿ ಪದ್ಧತಿ ಸಾಕಾಗಿತ್ತು. ಕೋಡ್ ಗೋಜಲು, ಲಾಭ ಕಮ್ಮಿ. ಆಂಡಿ ಲುಟೊಮಿರ್ಸ್ಕಿ ಅವರ ಬದಲಾವಣೆಯಿಂದ, ಆ ವರ್ಷದ ಮೇ ತಿಂಗಳಲ್ಲಿ ಬಂದ 4.6 ಆವೃತ್ತಿಯಲ್ಲಿ ‘ಕೂತ ಕೂಡಲೇ ಹರಡು’ ಅನ್ನೋದೇ ಎಲ್ಲ ಯಂತ್ರಗಳಿಗೂ ನಿಯಮವಾಯಿತು. ಡಿಸೆಂಬರ್‌ನ 4.9ರಲ್ಲಿ ಸೋಮಾರಿ ಪದ್ಧತಿಯೇ ಹೋಯ್ತು. ಗಮನಿಸಿ, ಭದ್ರತೆಗಾಗಿ ಅಲ್ಲ, ಸರಳತೆ ಮತ್ತು ವೇಗಕ್ಕಾಗಿ.

ಸುಮಾರು ಒಂದು ವರ್ಷದ ನಂತರ, 2018ರ ಜನವರಿಯಲ್ಲಿ, ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ದೋಷಗಳು ಹೊರಬಿದ್ದವು. ಇಂದಿನ ಪ್ರೊಸೆಸರ್‌ಗಳು ಕೆಲಸ ಬೇಗ ಆಗಲಿ ಅಂತ ಮುಂದಿನ ಸೂಚನೆಗಳನ್ನ ಊಹೆಯ ಮೇಲೆ ಮುಂಚೆಯೇ ನಡೆಸಿರುತ್ತವೆ. ಊಹೆ ತಪ್ಪಾದರೆ ಫಲಿತಾಂಶ ಅಳಿಸಿಬಿಡುತ್ತವೆ. ಆದರೆ ಕ್ಯಾಶ್ ಅನ್ನೋ ವೇಗದ ನೆನಪಿನಲ್ಲಿ ಹೆಜ್ಜೆಗುರುತು ಉಳಿಯುತ್ತೆ, ಸಮಯ ಅಳೆದು ಅದನ್ನ ಓದಬಹುದು.

ಈಗ 7ನೇ ನಂಬರಿನ ಗಂಟೆಗೆ ವಾಪಸ್ ಬನ್ನಿ. ಬಾವುಟ ಮೇಲಿದೆ, ಮೇಜಿನ ಮೇಲೆ ಬೇರೆಯವರ ಕಾಗದ ಇದೆ. ಕಳ್ಳ ಪ್ರೋಗ್ರಾಂ ಕೈ ಹಾಕುತ್ತೆ. ಗಂಟೆ ಹೊಡೆಯಬೇಕು, ಹೊಡೆಯುತ್ತೆ ಕೂಡ. ಆದರೆ ಅದಕ್ಕೆ ಮುಂಚಿನ ಚಿಕ್ಕ ಕ್ಷಣದಲ್ಲಿ ಇಂಟೆಲ್ ಪ್ರೊಸೆಸರ್ ಆ ಕಾಗದದ ಮೇಲಿರೋ ಸಂಖ್ಯೆಯನ್ನೇ ಹಿಡಿದು ಊಹೆಯ ಲೆಕ್ಕ ಮುಂದುವರಿಸಿರುತ್ತೆ. ಹೆಜ್ಜೆಗುರುತು ಬಿದ್ದಾಯ್ತು. ಆ ಸಂಖ್ಯೆ ಪಕ್ಕದ ಪ್ರೋಗ್ರಾಂನ ಎಇಎಸ್ ಕೀಲಿ ಆಗಿದ್ದರೆ? ಇದೇ ಲೇಜಿ ಎಫ್‌ಪಿ. ಕಂಡುಹಿಡಿದವರು ಜೂಲಿಯನ್ ಸ್ಟೆಕ್ಲಿನಾ, ಥಾಮಸ್ ಪ್ರೆಶರ್ ಮತ್ತು ಜ್ಡೆನೆಕ್ ಸೋಯ್ಕಾ.

ಹೊಸ ಲಿನಕ್ಸ್ ಪಾರಾಯಿತು. ಬೇರೆ ಕಾರಣಕ್ಕೆ ಮನೆ ಗುಡಿಸಿದ್ದು ಇಲ್ಲಿ ಉಳಿಸಿತು. ಆದರೆ ಹಳೇ ಕರ್ನಲ್‌ಗಳು, ಬಿಎಸ್‌ಡಿಗಳು, ಒಂದೇ ಯಂತ್ರದಲ್ಲಿ ಹಲವು ಗ್ರಾಹಕರನ್ನ ಕೂರಿಸೋ ಜೆನ್ ಹೈಪರ್‌ವೈಸರ್, ಇವೆಲ್ಲಾ ಅವಸರದಲ್ಲಿ ತಿದ್ದಿಕೊಳ್ಳಬೇಕಾಯ್ತು. ತಿದ್ದುಪಡಿ ಏನು ಗೊತ್ತಾ? ಕೂತ ಕೂಡಲೇ ಹರಡು. ಹಳೇ ಕಾಗದ ಮೇಜಿನ ಮೇಲೆ ಬಿಡಬೇಡ. ಅಷ್ಟೇ.

ಸೋಮಾರಿತನ ಮತ್ತೆ ಬಂತು

ಇಲ್ಲಿಗೆ ಕಥೆ ಮುಗಿದಿದ್ರೆ ಚೆನ್ನಾಗಿತ್ತು. 2019ರ ಜುಲೈನಲ್ಲಿ ಬಂದ ಲಿನಕ್ಸ್ 5.2ರಲ್ಲಿ ಒಂದು ಹೊಸ ಮುಂದೂಡಿಕೆ ಸೇರಿತು. ಕರ್ನಲ್ ಒಳಗೇ ಒಬ್ಬರಿಂದ ಇನ್ನೊಬ್ಬರಿಗೆ ಬದಲಾಗ್ತಿರೋವಾಗ ಕಾಗದ ಹರಡಬೇಡ, ಪ್ರೋಗ್ರಾಂಗೆ ಮೇಜು ಬಿಟ್ಟುಕೊಡೋ ಕೊನೇ ಗಳಿಗೆಯಲ್ಲಿ ಹರಡು. ಗಂಟೆ ಇಲ್ಲ, ಪ್ರೋಗ್ರಾಂಗೆ ಬೇರೆಯವರ ಕಾಗದ ಸಿಗೋ ಅವಕಾಶವೂ ಇಲ್ಲ. ಯೋಚನೆ ಸರಿಯೇ ಇತ್ತು.

ಕೆಲವು ತಿಂಗಳಲ್ಲಿ ಗೋ ಭಾಷೆಯ ತಂಡ 1.14 ಆವೃತ್ತಿಗೆ ತಯಾರಾಗ್ತಿದ್ದಾಗ, ಅವರ ಪ್ರೋಗ್ರಾಂಗಳು ವಿಚಿತ್ರವಾಗಿ ಮುರಿದು ಬೀಳತೊಡಗಿದವು. ನೆನಪಿನಲ್ಲಿ ಅರ್ಥವಿಲ್ಲದ ಸಂಖ್ಯೆಗಳು. ಹುಡುಕುತ್ತಾ ಹೋದರೆ ತಪ್ಪು ಗೋ ಭಾಷೆಯದಲ್ಲ, ಕರ್ನಲ್‌ನದು. ‘ಈ ಮೇಜು ಕೊನೆಗೆ ಯಾರದು’ ಅನ್ನೋ ಪುಸ್ತಕವನ್ನ ಪ್ರತಿ ಸಲ ಹೊಸದಾಗಿ ತೆರೆದು ನೋಡಬೇಕಿತ್ತು. ಆದರೆ ಜಿಸಿಸಿ 9 ಕಂಪೈಲರ್, ‘ಒಮ್ಮೆ ನೋಡಾಯ್ತಲ್ಲ’ ಅಂತ ಮೊದಲು ಓದಿದ ಉತ್ತರವನ್ನೇ ಮತ್ತೆ ಬಳಸೋ ಹಾಗೆ ಕೋಡ್ ತಯಾರಿಸ್ತಿತ್ತು. ನಡುವೆ ಪ್ರೋಗ್ರಾಂ ಇನ್ನೊಂದು ಪ್ರೊಸೆಸರ್‌ಗೆ ಹೋಗಿದ್ದರೆ? ಕೂತಿರೋದು ಎರಡನೇ ಕೋಣೆಯಲ್ಲಿ, ನೋಡ್ತಿರೋದು ಒಂದನೇ ಕೋಣೆಯ ಪುಸ್ತಕ. ತಾಳೆಯಾಗಿದೆ ಅಂತ ಷರಾ ಬಿತ್ತು, ಲೆಕ್ಕ ಕೆಟ್ಟಿತು. ನವೆಂಬರ್‌ನಲ್ಲಿ ತಿದ್ದುಪಡಿ ಬಂತು. ಅದರ ಸಾರ: ಆ ಪುಸ್ತಕವನ್ನ ಪ್ರತಿ ಸಲವೂ ತೆರೆದು ಓದು, ನೆನಪಿನ ಮೇಲೆ ಹೇಳಬೇಡ.

ಈ ನಡುವೆ ಮೇಜು ಬೆಳೀತಾನೇ ಇದೆ. ಎವಿಎಕ್ಸ್-512ರ 32 ರಿಜಿಸ್ಟರ್‌ಗಳೇ 2,048 ಬೈಟ್. 2023ರಲ್ಲಿ ಸರ್ವರ್ ಚಿಪ್‌ಗಳಿಗೆ ಬಂದ ಎಎಂಎಕ್ಸ್ ಅನ್ನೋ ಮ್ಯಾಟ್ರಿಕ್ಸ್ ಲೆಕ್ಕದ ಯಂತ್ರಕ್ಕೆ, ಅದೇ ಎಐ ಕೆಲಸಕ್ಕೆ ಬೇಕಾಗೋದು, ಮತ್ತೆ 8,192 ಬೈಟ್. 386ರ ಕಾಲದ 108 ಬೈಟಿಗೆ ಹೋಲಿಸಿದರೆ 75 ಪಟ್ಟಿಗಿಂತ ಜಾಸ್ತಿ. ಹಾಗಾಗಿ ಲಿನಕ್ಸ್ ಇದಕ್ಕೆ ಒಂದು ನಿಯಮ ಮಾಡಿದೆ: ಎಎಂಎಕ್ಸ್ ಬೇಕಾದ ಪ್ರೋಗ್ರಾಂ ಮೊದಲು ಅನುಮತಿ ಕೇಳಬೇಕು. ಮೊದಲ ಸಲ ಮುಟ್ಟಿದಾಗ ಗಂಟೆ ಹೊಡೆಯುತ್ತೆ, ಆಗ ಕರ್ನಲ್ ದೊಡ್ಡ ಫೈಲು ಕೊಡುತ್ತೆ. ಹೌದು, ಅದೇ 7ನೇ ನಂಬರಿನ ಗಂಟೆ! ಆದರೆ ಈ ಸಲ ಅದು ಹೊಡೆಯೋದು ಫೈಲಿಗೆ ಜಾಗ ಕೊಡೋಕೆ. ಬೇರೆಯವರ ಕಾಗದ ಕಾಯೋಕೆ ಅಲ್ಲ.

ಕೆಲಸ ಮುಂದೂಡೋದು ತಪ್ಪು ಅಂತ ನಾನು ಹೇಳ್ತಿಲ್ಲ. 1982ರಲ್ಲಿ ಅದನ್ನ ಯೋಚಿಸಿದವರು ಅವತ್ತಿನ ಲೆಕ್ಕ ಸರಿಯಾಗೇ ಹಾಕಿದ್ದರು. ಆದರೆ ಪ್ರತಿ ಮುಂದೂಡಿಕೆಯ ಹಿಂದೆ ಒಂದು ನಂಬಿಕೆ ಇರುತ್ತೆ, ಮತ್ತು ಆ ನಂಬಿಕೆ ಕೋಡ್‌ನಲ್ಲಿ ಎಲ್ಲೂ ಬರೆದಿರಲ್ಲ. ಮೇಜು ಒಂದೇ ಇದೆ ಅನ್ನೋದು, ಯಾರೂ ಇಣುಕಲ್ಲ ಅನ್ನೋದು. ಲೋಕ ಬದಲಾದಾಗ ಕೋಡ್‌ಗೆ ಯಾರೂ ಬಂದು ಹೇಳಲ್ಲ. ಲೆಕ್ಕದ ಪುಸ್ತಕವನ್ನಾದರೆ ವರ್ಷಕ್ಕೊಮ್ಮೆ ಆಡಿಟ್ ಮಾಡ್ತೀವಿ. ಈ ನಂಬಿಕೆಗಳನ್ನ ಯಾರು ಆಡಿಟ್ ಮಾಡಬೇಕು? ಬಹಳಷ್ಟು ಸಲ ಉತ್ತರ ಒಂದೇ: ಸಂಬಳವಿರಲಿ ಇಲ್ಲದಿರಲಿ, ಹಳೇ ಕೋಡ್ ಓದೋ ತಾಳ್ಮೆ ಇರೋ ಕೆಲವೇ ಜನ.

ಇವತ್ತು ರಾತ್ರಿ ನಿಮ್ಮ ಫೋನು ‘ಅಪ್‌ಡೇಟ್ ಮಾಡಲಾ?’ ಅಂತ ಕೇಳಿದರೆ, ನಾಳೆ ನೋಡೋಣ ಅನ್ನೋ ಮೊದಲು ಈ ಕಥೆ ನೆನಪಿಸಿಕೊಳ್ಳಿ.